ಗಡಿಯಾರದಲ್ಲಿ ಎರಡೂವರೆ ಗಂಟೆ, ಸೀಟಿನಲ್ಲಿ ಹದಿನಾರು

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ಹತ್ತಿರ ಬಂತೆಂದರೆ ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೊರಡುವವರ ಪತ್ರಗಳು ಈ ಅಂಕಣಕ್ಕೆ ಹೆಚ್ಚುತ್ತವೆ. ಈ ಸಲ ದೂರ, ಹಾರಾಟದ ಸಮಯ, ಟಿಕೆಟ್ ಓದುವ ಬಗೆ ಇಷ್ಟಕ್ಕೇ ಸಂಬಂಧಿಸಿದ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ವೀಸಾ ವಿಚಾರ ಕೇಳಿದವರಿಗೆ ಇನ್ನೊಂದು ಸಂಚಿಕೆಯಲ್ಲಿ ಉತ್ತರ ಸಿಗುತ್ತದೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 14,000, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,560 ಎಂದಿದೆ. ಯಾವುದು ಸರಿ? (ರಾಜಾಜಿನಗರದ ಓದುಗರು)

ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ನೆಲದ ಮೈಲಿ, ಮೂರನೆಯದು ನಾಟಿಕಲ್ ಮೈಲಿ. ನೆಲದ ಮೈಲಿ ಅಂದರೆ 1.609 ಕಿ.ಮೀ., ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಪೈಲಟ್‌ಗಳ ಲೆಕ್ಕವೆಲ್ಲ ನಾಟಿಕಲ್ ಮೈಲಿಯಲ್ಲೇ. ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ಮಿನಿಟುಗಳು, ಒಂದು ಮಿನಿಟಿಗೆ ಒಂದು ನಾಟಿಕಲ್ ಮೈಲಿ ಎಂಬ ಅನುಕೂಲ ಅದರಲ್ಲಿದೆ. ಬರೀ 'ಮೈಲಿ' ಎಂದು ಬರೆದಿದ್ದರೆ ಯಾವ ಮೈಲಿ ಎಂದು ನೋಡಿಕೊಳ್ಳಿ. ಎರಡಕ್ಕೂ ಶೇಕಡಾ 15ರಷ್ಟು ವ್ಯತ್ಯಾಸವಿದೆ, ಇಷ್ಟು ಉದ್ದದ ದಾರಿಯಲ್ಲಿ ಅದು ಸಾವಿರ ಮೈಲಿ ದಾಟುತ್ತದೆ.

ಇನ್ನೊಂದು ಮಾತು. ಈ 14,000 ಎನ್ನುವುದು ದೇವನಹಳ್ಳಿಯ ರನ್‌ವೇಯಿಂದ ಅಲ್ಲಿಯ ರನ್‌ವೇವರೆಗಿನ ಅತಿ ಹತ್ತಿರದ ಗೆರೆ. ವಿಮಾನ ಆ ಗೆರೆಯ ಮೇಲೇ ಹೋಗುವುದು ಅಪರೂಪ. ಗಾಳಿ, ಮುಚ್ಚಿದ ವಾಯುಪ್ರದೇಶ, ಮೋಡ, ಎರಡೂ ಕೊನೆಯಲ್ಲಿ ಕಾಯುವ ಸುತ್ತು ಎಲ್ಲ ಸೇರಿ ಹಾರಿದ ದೂರ ಅದಕ್ಕಿಂತ ಹೆಚ್ಚೇ ಆಗುತ್ತದೆ.

ಈ ದೂರವನ್ನು ನಾವೇ ಲೆಕ್ಕ ಹಾಕಬಹುದೇ? ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳಿಗೆ ಮಾಡಿಸಬೇಕು. (ವಿಜಯನಗರದ ಓದುಗರು)

ಖಂಡಿತ ಹಾಕಬಹುದು. ಸೈನ್, ಕಾಸ್ ಇರುವ ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು, ಫೋನಿನಲ್ಲಿರುವುದೂ ಆದೀತು. ಎರಡು ಊರುಗಳ ಅಕ್ಷಾಂಶ, ರೇಖಾಂಶ ಬೇಕು. ಬೆಂಗಳೂರು ವಿಮಾನ ನಿಲ್ದಾಣ 13.20 ಡಿಗ್ರಿ ಉತ್ತರ, 77.71 ಡಿಗ್ರಿ ಪೂರ್ವ. ಲಂಡನ್‌ನ ಹೀಥ್ರೂ 51.47 ಉತ್ತರ, 0.46 ಪಶ್ಚಿಮ.

ಮೊದಲು ಎರಡೂ ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.2284 × 0.7823 = 0.1786. ಆಮೇಲೆ ಎರಡೂ ಅಕ್ಷಾಂಶಗಳ ಕಾಸ್ ತೆಗೆದು ಗುಣಿಸಿ: 0.9736 × 0.6229 = 0.6065. ರೇಖಾಂಶಗಳ ಅಂತರ ಇಲ್ಲಿ 78.17 ಡಿಗ್ರಿ, ಏಕೆಂದರೆ ಒಂದು ಪೂರ್ವ, ಇನ್ನೊಂದು ಪಶ್ಚಿಮ, ಆದ್ದರಿಂದ ಕೂಡಬೇಕು. ಅದರ ಕಾಸ್ 0.2050. ಇದನ್ನು 0.6065ರಿಂದ ಗುಣಿಸಿದರೆ 0.1243. ಇದಕ್ಕೆ ಮೊದಲಿನ 0.1786 ಕೂಡಿಸಿದರೆ 0.3029. ಇದರ ಇನ್‌ವರ್ಸ್ ಕಾಸ್ ಒತ್ತಿದರೆ 72.4 ಡಿಗ್ರಿ ಸಿಗುತ್ತದೆ. ಭೂಮಿಯ ಮೇಲೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ ಸುಮಾರು 8,050 ಕಿ.ಮೀ.

ತಪ್ಪಾಗುವುದು ಸಾಮಾನ್ಯವಾಗಿ ಮೂರು ಕಡೆ. ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ ಉತ್ತರ ಅರ್ಥವಿಲ್ಲದ್ದು ಬರುತ್ತದೆ; 90ರ ಸೈನ್ ಒತ್ತಿ ನೋಡಿ, 1 ಬಂದರೆ ಸರಿಯಿದೆ ಅಂತ. ಅಟ್ಲಾಸ್‌ನಲ್ಲಿ 13 ಡಿಗ್ರಿ 12 ಮಿನಿಟು ಎಂದಿದ್ದರೆ ಅದು 13.12 ಅಲ್ಲ, 13.20, ಏಕೆಂದರೆ 12ನ್ನು 60ರಿಂದ ಭಾಗಿಸಬೇಕು. ಇನ್ನು ಸಿಡ್ನಿಯಂಥ ದಕ್ಷಿಣಾರ್ಧದ ಊರಾದರೆ ಅಕ್ಷಾಂಶಕ್ಕೆ ಮೈನಸ್ ಹಾಕುವುದು ಮರೆತುಹೋಗುತ್ತದೆ. ರೇಖಾಂಶದ ಅಂತರ 180 ದಾಟಿದರೆ ಹೆದರಬೇಡಿ, ಕಾಸ್ ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಅಂತರ 200.09 ಬರುತ್ತದೆ, ಹಾಗೇ ಹಾಕಿ. (ಅದರ ಸ್ಥಾನ 37.62 ಉತ್ತರ, 122.38 ಪಶ್ಚಿಮ. ಉತ್ತರ 13,990 ಕಿ.ಮೀ. ಆಚೀಚೆ ಬಂದರೆ ಮಗಳಿಗೆ ಪೂರ್ತಿ ಅಂಕ.) ಭೂಮಿ ಪೂರ್ತಿ ಗುಂಡಗಿಲ್ಲದ ಕಾರಣ ಈ ಲೆಕ್ಕದಲ್ಲಿ ಅರ್ಧ ಶೇಕಡಾದೊಳಗಿನ ತಪ್ಪು ಇರುತ್ತದೆ, ಪ್ರಯಾಣಿಕರಿಗೆ ಅದು ಲೆಕ್ಕಕ್ಕಿಲ್ಲ.

ಅಮೆರಿಕಕ್ಕೆ ಹೋಗುವ ವಿಮಾನ ಸೈಬೀರಿಯಾ, ಅಲಾಸ್ಕಾ ಎಂದು ಮೇಲಕ್ಕೆ ಹತ್ತಿ ಇಳಿಯುವುದೇಕೆ? ಭೂಪಟದಲ್ಲಿ ಅಡ್ಡ ಗೆರೆ ಎಳೆದರೆ ಅದೇ ಹತ್ತಿರವಲ್ಲವೇ? (ಬನಶಂಕರಿ)

ಗೋಡೆಯ ಭೂಪಟ ಚಪ್ಪಟೆ, ಭೂಮಿ ಗುಂಡು. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಜಾರಿ ನಿಲ್ಲುತ್ತದೆ. ನಮ್ಮೂರಿನಿಂದ ಉತ್ತರಕ್ಕೆ, ಸುಮಾರು 20 ಡಿಗ್ರಿ ಪೂರ್ವಕ್ಕೆ ವಾಲಿ ಹೊರಟ ಆ ಗೆರೆ ನೇಪಾಳದ ಪೋಖರಾದ ಹತ್ತಿರ ಹಿಮಾಲಯ ದಾಟುತ್ತದೆ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಮುಗಿಸಿ ಆರ್ಕ್ಟಿಕ್ ಕರಾವಳಿಯಾಚೆ 71 ಡಿಗ್ರಿ ಉತ್ತರ ಮುಟ್ಟಿ, ಅಲಾಸ್ಕಾದ ನಡುವಿನಿಂದ ಕೆಳಗಿಳಿಯುತ್ತದೆ. ಅತಿ ಹತ್ತಿರದ ದಾರಿ ಅದೇ.

ಆದರೆ ವಿಮಾನ ಆ ದಾರಿಯಲ್ಲೇ ಹೋಗುತ್ತದೆ ಎಂದುಕೊಳ್ಳಬೇಡಿ. ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ತಲೆಯ ಮೇಲಿಂದ ಆಮ್ಲಜನಕದ ಮುಖವಾಡಗಳು ಬೀಳುತ್ತವಲ್ಲ, ಸಾಮಾನ್ಯ ವಿಮಾನಗಳಲ್ಲಿ ಅದರ ಆಮ್ಲಜನಕ 12ರಿಂದ 22 ನಿಮಿಷಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಪೈಲಟ್ ಸುಮಾರು 10,000 ಅಡಿಗೆ ಇಳಿದುಬಿಡಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್, ಅಂದರೆ 14,700 ಅಡಿಗಿಂತ ಮೇಲೆ. ಇಳಿಯಲು ಜಾಗವೇ ಇಲ್ಲ. ಆದ್ದರಿಂದ ಹೆಚ್ಚಿನ ವಿಮಾನಗಳು ಅದನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಎರಡನೆಯದು ಗಾಳಿ, ಹೆಚ್ಚಿನ ದಿನ ದಾರಿ ತೀರ್ಮಾನಿಸುವುದು ಅದೇ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು, ಕೆಲವೊಮ್ಮೆ 300ನ್ನೂ ದಾಟುತ್ತದೆ. ಏರ್ ಇಂಡಿಯಾ 2016ರ ಅಕ್ಟೋಬರ್‌ನಲ್ಲಿ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬದಿ ಬಿಟ್ಟು ಪೆಸಿಫಿಕ್ ಬದಿಗೆ ತಿರುಗಿಸಿತು. ಮೊದಲಿನ ದಾರಿ ಸುಮಾರು 13,900 ಕಿ.ಮೀ., ಹೊಸದು ಸುಮಾರು 15,300. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಹಾರಿಯೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಹಳೆಯ ದಾರಿಗಿಂತ ಬೇಗ. ಬೆನ್ನಿಗೆ ಗಾಳಿ ಸಿಕ್ಕರೆ ದೂರದ ದಾರಿಯೇ ಹತ್ತಿರ. ಟಿಕೆಟ್ ತೆಗೆಯುವಾಗ ಕಿಲೋಮೀಟರ್ ನೋಡಿ ಸಮಯ ಊಹಿಸಬಾರದು ಎನ್ನುವುದು ಇದಕ್ಕೇ.

ಬೆಂಗಳೂರಿನ ವಿಚಾರಕ್ಕೆ ಬಂದರೆ, ಸ್ಯಾನ್ ಫ್ರಾನ್ಸಿಸ್ಕೋದಿಂದ ಇಲ್ಲಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ದಾರಿ ಉತ್ತರ ಧ್ರುವದ ಮೇಲಿನದು, ವಿಮಾನ ಬೋಯಿಂಗ್ 777-200 ಎಲ್‌ಆರ್. ಇಷ್ಟು ಉದ್ದದ ನೇರ ಹಾರಾಟಗಳನ್ನು ಇಂಧನದ ಬೆಲೆ, ವಿಮಾನಗಳ ಲಭ್ಯತೆ ನೋಡಿಕೊಂಡು ಕಂಪನಿಗಳು ಶುರು ಮಾಡುತ್ತವೆ, ನಿಲ್ಲಿಸುತ್ತವೆ. ಹೋದ ವರ್ಷ ಇತ್ತು ಅಂತ ಈ ವರ್ಷವೂ ಇರುತ್ತದೆ ಎಂದು ನಂಬಿ ರಜೆ ಹಾಕಬೇಡಿ. ಆ ತಿಂಗಳ ವೇಳಾಪಟ್ಟಿಯಲ್ಲಿ ಇದೆಯೇ ನೋಡಿ.

ಲಂಡನ್ ವಿಮಾನ ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದೆ ಎನ್ನುತ್ತಾರೆ. ಯಾಕೆ? (ಇಂದಿರಾನಗರ)

ಮೇಲಿನ ದಾರದ ಪ್ರಯೋಗವನ್ನೇ ಲಂಡನ್‌ಗೆ ಮಾಡಿ. ಗೆರೆ ಹೆಚ್ಚುಕಮ್ಮಿ ಕರಾಚಿಯ ನೆತ್ತಿಯ ಮೇಲೇ ಹೋಗುತ್ತದೆ. ಅಲ್ಲಿಂದ ಇರಾನ್, ಕ್ಯಾಸ್ಪಿಯನ್ ಸಮುದ್ರದ ತೆಂಕಣ ಅಂಚು, ಜಾರ್ಜಿಯಾ, ಕ್ರಿಮಿಯಾ, ಉಕ್ರೇನ್. ಉಕ್ರೇನ್‌ನ ಆಕಾಶ 2022ರ ಫೆಬ್ರವರಿ 24ರಿಂದ ನಾಗರಿಕ ವಿಮಾನಗಳಿಗೆ ಮುಚ್ಚಿತು. ಭಾರತದ ಕಂಪನಿಗಳ ವಿಮಾನಗಳಿಗೆ ಪಾಕಿಸ್ತಾನ ತನ್ನ ಆಕಾಶವನ್ನು 2025ರ ಏಪ್ರಿಲ್ 24ರಂದು ಮುಚ್ಚಿ, ತಿಂಗಳು ತಿಂಗಳಿಗೆ ಅವಧಿ ವಿಸ್ತರಿಸುತ್ತ ಬಂತು. ಗಲ್ಫ್ ಕಡೆ ಉದ್ವಿಗ್ನತೆ ಎದ್ದಾಗ ಇರಾನ್, ಇರಾಕ್ ಮೇಲಿನ ದಾರಿಗಳೂ ಒಮ್ಮೊಮ್ಮೆ ನಿಲ್ಲುತ್ತವೆ. ಹೀಗೆ 8,050 ಕಿ.ಮೀ.ನ ಗೆರೆಯಲ್ಲಿ ಹಾರಲು ಸಿಗುವ ತುಂಡು ಕಡಿಮೆ. ಆದರೂ ದಿಲ್ಲಿಯವರಿಗೆ ಹೋಲಿಸಿದರೆ ನಮಗೆ ಪೆಟ್ಟು ಕಡಿಮೆ. ಬೆಂಗಳೂರಿನಿಂದ ಹೊರಟ ವಿಮಾನ ಅರಬ್ಬಿ ಸಮುದ್ರದ ಮೇಲೆ ಪಶ್ಚಿಮಕ್ಕೆ ಹೊರಳಿಕೊಳ್ಳಬಹುದು.

ದೂರ ಗೊತ್ತಿದ್ದರೆ ಪ್ರಯಾಣದ ಗಂಟೆ ಅಂದಾಜು ಮಾಡುವ ಸುಲಭ ಸೂತ್ರ ಇದೆಯೇ? (ಯಲಹಂಕ)

ಇದೆ. ಕಿಲೋಮೀಟರನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ದೊಡ್ಡ ವಿಮಾನಗಳು ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತವೆ ನಿಜ, ಆದರೆ ಏರುವಾಗ ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ, ದಾರಿಯೂ ಗೆರೆಯಷ್ಟು ನೇರ ಇರುವುದಿಲ್ಲ. ಅದಕ್ಕೇ 850. ಅರ್ಧ ಗಂಟೆ ಯಾಕೆಂದರೆ ಟಿಕೆಟ್‌ನಲ್ಲಿ ಬರೆದ ಸಮಯ ಗೇಟ್‌ನಿಂದ ಗೇಟ್‌ವರೆಗಿನದು. ರನ್‌ವೇಗೆ ಉರುಳಿಕೊಂಡು ಹೋಗುವುದು, ಸರದಿ ಕಾಯುವುದು, ಇಳಿದ ಮೇಲೆ ಗೇಟ್ ಹುಡುಕುವುದು ಎಲ್ಲ ಅದರಲ್ಲಿ ಸೇರಿದೆ.

ದುಬೈ 2,700 ಕಿ.ಮೀ.: 3.2 ಗಂಟೆ, ಅರ್ಧ ಸೇರಿಸಿ 3 ಗಂಟೆ 40 ನಿಮಿಷ. ಸಿಂಗಪುರ 3,180: ಸುಮಾರು 4 ಗಂಟೆ 15 ನಿಮಿಷ. ಟೋಕಿಯೋದ ನರಿತಾ 6,700: 8 ಗಂಟೆ 20 ನಿಮಿಷದ ಸುತ್ತಮುತ್ತ. ಫ್ರಾಂಕ್‌ಫರ್ಟ್ 7,400: 9 ಗಂಟೆ 10 ನಿಮಿಷ. ಸಿಡ್ನಿ 9,350: ಹನ್ನೊಂದೂವರೆ. ಇಲ್ಲಿ ಒಂದು ಎಚ್ಚರಿಕೆ: ಭಾಗಾಕಾರದಲ್ಲಿ 3.74 ಬಂದರೆ ಅದು 3 ಗಂಟೆ 74 ನಿಮಿಷ ಅಲ್ಲ, 3 ಗಂಟೆ 44 ನಿಮಿಷ.

ಇದು ಗಾಳಿಯಿಲ್ಲದ ಲೆಕ್ಕ. ಪಶ್ಚಿಮಕ್ಕೆ ಹೋಗುವಾಗ, ಅಂದರೆ ಯೂರೋಪಿನ ಕಡೆಗೆ, ಅರ್ಧದಿಂದ ಒಂದು ಗಂಟೆ ಹೆಚ್ಚಿಗೆ ಹಿಡಿಯಿರಿ. ಪೂರ್ವಕ್ಕೆ ಹೋಗುವಾಗ ಸ್ವಲ್ಪ ಕಳೆಯಿರಿ. ಟೋಕಿಯೋ ದಾರಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಚಳಿಗಾಲದಲ್ಲಿ ಹೋಗುವುದಕ್ಕಿಂತ ಬರುವುದಕ್ಕೆ ಒಂದೂವರೆ ಗಂಟೆಯಷ್ಟು ಹೆಚ್ಚು ಹಿಡಿಯಬಹುದು. ಸಿಂಗಪುರದಂಥ ಸಮಭಾಜಕದ ಹತ್ತಿರದ ಊರಿಗೆ ಗಾಳಿಯ ಗೊಡವೆ ಅಷ್ಟಿಲ್ಲ.

ಸಿಯಾಟಲ್ ದೂರವೋ ನ್ಯೂಯಾರ್ಕ್ ದೂರವೋ? ಮನೆಯಲ್ಲಿ ಪಂಥ ಕಟ್ಟಿದ್ದೇವೆ. (ಆರ್.ಟಿ. ನಗರ)

ನ್ಯೂಯಾರ್ಕ್ ದೂರ. ಬೆಂಗಳೂರಿನಿಂದ ಸುಮಾರು 13,350 ಕಿ.ಮೀ., ಸಿಯಾಟಲ್ ಸುಮಾರು 13,000. ಒಂದು ಅಟ್ಲಾಂಟಿಕ್ ದಂಡೆ, ಇನ್ನೊಂದು ಪೆಸಿಫಿಕ್ ದಂಡೆ, ನಾವು ಎರಡಕ್ಕೂ ಹೆಚ್ಚುಕಮ್ಮಿ ಭೂಮಿಯ ಆ ಕಡೆ. ಸಿಯಾಟಲ್ ಇನ್ನಷ್ಟು ಉತ್ತರಕ್ಕಿರುವುದರಿಂದ ಧ್ರುವದ ಬದಿಯ ದಾರಿಗೆ ಹತ್ತಿರ ಬೀಳುತ್ತದೆ. ಪಂಥ ಯಾರು ಗೆದ್ದರೋ ಗೊತ್ತಿಲ್ಲ.

ಮಗ ಕಳಿಸಿದ ಟಿಕೆಟ್‌ನಲ್ಲಿ ಮಂಗಳವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ಮಂಗಳವಾರ ಸಂಜೆ 4.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತೇವೆ ಎಂದಿದೆ. ಎರಡೂವರೆ ಗಂಟೆಯಲ್ಲಿ ಅಮೆರಿಕವೇ? ವಾಪಸ್ ಬರುವಾಗ ಮಂಗಳವಾರ ರಾತ್ರಿ ಹೊರಟರೆ ಗುರುವಾರ ಬೆಳಗಿನ ಜಾವ ಎಂದಿದೆ. ಮುದ್ರಣದ ತಪ್ಪೇ? (ಮಲ್ಲೇಶ್ವರದ ತಾಯಿಯೊಬ್ಬರು)

ತಪ್ಪಲ್ಲ ಅಮ್ಮ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಎಲ್ಲ ದೇಶಗಳ ಟಿಕೆಟ್‌ಗಳೂ ಹೀಗೇ. ಲೆಕ್ಕ ಮಾಡುವಾಗ ನಿಮ್ಮ ಕೈಗಡಿಯಾರವನ್ನು ಬೆಂಗಳೂರಿನ ಸಮಯದಲ್ಲೇ ಬಿಟ್ಟು ನೋಡಿ. ಮಂಗಳವಾರ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ನಮ್ಮೂರಿನಲ್ಲಿ ಬುಧವಾರ ಬೆಳಿಗ್ಗೆ 6. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. 6ರಿಂದ ಹದಿಮೂರೂವರೆ ಕಳೆದರೆ ಮಂಗಳವಾರ ಸಂಜೆ 4.30. ಕೂತಿದ್ದು ಹದಿನಾರು ಗಂಟೆಯೇ.

ಬರುವಾಗ ಉಲ್ಟಾ. ಅಲ್ಲಿ ಮಂಗಳವಾರ ರಾತ್ರಿ 9ಕ್ಕೆ ಹೊರಟಾಗ ಬೆಂಗಳೂರಿನಲ್ಲಿ ಆಗಲೇ ಬುಧವಾರ ಬೆಳಿಗ್ಗೆ 10.30. ಅದಕ್ಕೆ ಹದಿನೇಳೂವರೆ ಗಂಟೆ ಕೂಡಿಸಿದರೆ ಗುರುವಾರ ಬೆಳಗಿನ ಜಾವ 4. ಬುಧವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಗುತ್ತದೆ. ಆ ವಾರ ಬುಧವಾರ ಒಪ್ಪತ್ತು, ಏಕಾದಶಿ ಏನಾದರೂ ಇದ್ದರೆ ಮೊದಲೇ ನೋಡಿಕೊಳ್ಳಿ, ಈ ಪ್ರಶ್ನೆಯನ್ನೂ ಹಲವರು ಕೇಳುತ್ತಾರೆ.

ಪೆಸಿಫಿಕ್‌ನಲ್ಲಿ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದರೆ ಇನ್ನೊಂದು ದಿನ ಕಳೆಯಬೇಕೇ ಎಂದು ಕೆಲವರಿಗೆ ಗೊಂದಲ. ಬೇಡ. ಎರಡು ಊರುಗಳ ನಡುವಿನ ಸಮಯದ ಅಂತರದಲ್ಲೇ ಅದು ಸೇರಿಹೋಗಿದೆ. ಪೂರ್ವದ ದಾರಿ ಹಿಡಿಯಲಿ, ಪಶ್ಚಿಮದ ದಾರಿ ಹಿಡಿಯಲಿ, ಲೆಕ್ಕ ಒಂದೇ.

ಇನ್ನೊಂದು ತೊಡಕು ಬೇಸಿಗೆಯ ಗಡಿಯಾರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಮಾರ್ಚ್‌ನಲ್ಲಿ ಮುಂದಕ್ಕೆ ಹೋದಾಗ ಕ್ಯಾಲಿಫೋರ್ನಿಯಾದ ಅಂತರ ಹದಿಮೂರೂವರೆಯಿಂದ ಹನ್ನೆರಡೂವರೆಗೆ ಇಳಿಯುತ್ತದೆ. ಯೂರೋಪಿನಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ನಮ್ಮಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ ಅಮೆರಿಕ ಬದಲಾಗಿರುತ್ತದೆ, ಲಂಡನ್ ಬದಲಾಗಿರುವುದಿಲ್ಲ. ಜನವರಿಯಲ್ಲಿ ಹೋದವರ ಟಿಕೆಟ್ ನೋಡಿ ನಿಮ್ಮ ಏಪ್ರಿಲ್ ಪ್ರಯಾಣದ ಲೆಕ್ಕ ಹಾಕಿದರೆ ಒಂದು ಗಂಟೆ ತಪ್ಪುತ್ತದೆ, ಕರೆದುಕೊಂಡು ಹೋಗಲು ಬರುವ ಮಗ ಅಷ್ಟು ಹೊತ್ತು ಹೊರಗೆ ಕಾಯಬೇಕಾದೀತು.

'ಡೈರೆಕ್ಟ್' ಎಂದು ಟಿಕೆಟ್ ಕೊಂಡೆ. ನೋಡಿದರೆ ನಡುವೆ ಒಂದು ಊರಿನಲ್ಲಿ ನಿಲ್ಲುತ್ತದಂತೆ. ಮೋಸವೇ? (ಕೆಂಗೇರಿ)

ಮೋಸವಲ್ಲ. ವಿಮಾನಯಾನದ ಭಾಷೆಯಲ್ಲಿ ಡೈರೆಕ್ಟ್ ಅಂದರೆ ಕೊನೆಯವರೆಗೂ ಒಂದೇ ಫ್ಲೈಟ್ ನಂಬರ್, ಅಷ್ಟೇ. ಎಲ್ಲೂ ನಿಲ್ಲದೆ ಹೋಗುವುದು ನಾನ್‌ಸ್ಟಾಪ್. ಹುಡುಕುವಾಗ 'ನಾನ್‌ಸ್ಟಾಪ್' ಎಂದೇ ಆರಿಸಿ, ನಿಲುಗಡೆಯ ಕಾಲಂನಲ್ಲಿ ಸೊನ್ನೆ ಇದೆಯೇ ನೋಡಿ. ಒಟ್ಟು ಅವಧಿ ಎಂದು ಬರೆದಿರುವುದರಲ್ಲಿ ನಡುವೆ ಕಾಯುವ ಹೊತ್ತೂ ಸೇರಿರುತ್ತದೆ. ಇಳಿಯುವ ಸಮಯದ ಪಕ್ಕ ಚಿಕ್ಕದಾಗಿ +1 ಇದ್ದರೆ ಮಾರನೆಯ ದಿನ, +2 ಇದ್ದರೆ ಅದರ ಮಾರನೆಯ ದಿನ.

ನಡುವೆ ವಿಮಾನ ಬದಲಿಸಲು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಒಂದೂವರೆ ಗಂಟೆ ಸಾಕು ಎಂದು ಏಜೆಂಟ್ ಹೇಳುತ್ತಾರೆ. (ಬಸವನಗುಡಿ)

ಮೊದಲು ಕೇಳಬೇಕಾದ್ದು, ಎರಡೂ ವಿಮಾನಗಳು ಒಂದೇ ಪಿಎನ್‌ಆರ್‌ನಲ್ಲಿವೆಯೇ ಎಂದು. ಒಂದೇ ಬುಕಿಂಗ್ ಆಗಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೂ ಮುಂದಿನದರಲ್ಲಿ ಕೂರಿಸುವ ಹೊಣೆ ಕಂಪನಿಯದು. ಲಗೇಜಿನ ಚೀಟಿಯನ್ನೂ ಕೊನೆಯ ಊರಿನವರೆಗೆ ಹಾಕುತ್ತಾರೆ. ನಾಲ್ಕು ಸಾವಿರ ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ ಈ ರಕ್ಷಣೆ ಇಲ್ಲ. ಎರಡನೇ ಟಿಕೆಟ್‌ನ ಹಣ ನೀರಿಗೆ ಹಾಕಿದಂತೆ.

ದುಬೈ, ಅಬುಧಾಬಿ, ದೋಹಾ, ಸಿಂಗಪುರದಂಥ ಕಡೆ ಒಂದೇ ಬುಕಿಂಗ್‌ನಲ್ಲಿ ಎರಡು ಗಂಟೆ ಆರಾಮ, ಒಂದೂವರೆ ಸಾಧ್ಯ. ಗಾಲಿಕುರ್ಚಿ ಕೇಳಿದವರಿಗೆ ಎರಡೂವರೆಯಿಂದ ಮೂರು ಇರಲಿ. ಕುರ್ಚಿಯವರು ಎಲ್ಲರೂ ಇಳಿದ ಮೇಲೆ ಬರುತ್ತಾರೆ, ಬಾಗಿಲಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ. ಕುರ್ಚಿಯನ್ನು ಹೊರಡುವುದಕ್ಕೆ 48 ಗಂಟೆ ಮುಂಚೆಯೇ ಬುಕಿಂಗ್‌ನಲ್ಲಿ ಸೇರಿಸಿಸಿ, ಕೌಂಟರ್‌ನಲ್ಲಿ ಕೇಳಿದರಾಯಿತು ಎಂದು ಬಿಡಬೇಡಿ.

ಅಮೆರಿಕದ ಒಳಗೆ ಎರಡನೇ ವಿಮಾನ ಹಿಡಿಯುವುದಾದರೆ ಒಂದೂವರೆ ಗಂಟೆ ಸಾಲದು. ಅಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಆಗಬೇಕು. ಸಾಮಾನ್ಯವಾಗಿ ಚೀಟಿ ಕೊನೆಯ ಊರಿನವರೆಗೆ ಇದ್ದರೂ ಪೆಟ್ಟಿಗೆಯನ್ನು ಬೆಲ್ಟ್‌ನಿಂದ ಎತ್ತಿ, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು, ಭದ್ರತಾ ತಪಾಸಣೆ ಮತ್ತೆ ಆಗಬೇಕು. ಮೂರು ಗಂಟೆಗಿಂತ ಕಡಿಮೆ ಒಪ್ಪಿಕೊಳ್ಳಬೇಡಿ. ಇದಕ್ಕೆ ಒಂದು ಒಳದಾರಿ ಅಬುಧಾಬಿ: 2014ರಿಂದ ಅಲ್ಲಿ ಅಮೆರಿಕದ ಅಧಿಕಾರಿಗಳೇ ಕುಳಿತು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿಬಿಡುತ್ತಾರೆ, ಅಮೆರಿಕದಲ್ಲಿ ಇಳಿದಾಗ ಒಳನಾಡಿನ ಪ್ರಯಾಣಿಕರಂತೆ ನೇರ ಹೊರಗೆ ಬರಬಹುದು. ಆದರೆ ಆ ಸರದಿಗೆ ಅಬುಧಾಬಿಯಲ್ಲೇ ಹೊತ್ತು ಬೇಕು, ಅಲ್ಲಿನ ನಿಲುಗಡೆ ಮೂರು ಗಂಟೆ ಇರಲಿ.

ವಾಪಸ್ ಬರುವಾಗ ದಿಲ್ಲಿ ಅಥವಾ ಮುಂಬೈ ಮೂಲಕ ಬಂದು ಬೆಂಗಳೂರಿನ ಒಳನಾಡಿನ ವಿಮಾನ ಹಿಡಿಯುವವರಿಗೂ ಇದೇ ಪಾಡು. ಮೊದಲ ಊರಿನಲ್ಲೇ ಇಮಿಗ್ರೇಷನ್, ಪೆಟ್ಟಿಗೆ, ಕಸ್ಟಮ್ಸ್ ಎಲ್ಲ ಆಗಬೇಕು.

ದೂರದ ವಿಮಾನಗಳೆಲ್ಲ ಬೆಂಗಳೂರಿನಿಂದ ನಡುರಾತ್ರಿಯೋ ಬೆಳಗಿನ ಜಾವವೋ ಯಾಕೆ ಹೊರಡುತ್ತವೆ? (ಹೆಬ್ಬಾಳ)

ಮುಖ್ಯ ಕಾರಣ ಆ ಕಡೆಯ ಊರಿನ ಸಮಯ. ಫ್ರಾಂಕ್‌ಫರ್ಟ್, ಲಂಡನ್‌ಗಳಲ್ಲಿ ಬೆಳಿಗ್ಗೆ ಇಳಿದರೆ ಅಲ್ಲಿಂದ ಅಮೆರಿಕಕ್ಕೆ ಹೊರಡುವ ವಿಮಾನಗಳು ಸಾಲಾಗಿ ಸಿಗುತ್ತವೆ. ಗಲ್ಫ್‌ನಲ್ಲೂ ಅಷ್ಟೇ.

ಎರಡನೆಯದು ನಮ್ಮೂರಿನ ಎತ್ತರ. ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಿಗೆ ಇನ್ನೂ ತೆಳು. ಅಂಥ ಗಾಳಿಯಲ್ಲಿ ಎಂಜಿನ್‌ನ ತಳ್ಳುವ ಬಲ ಕಡಿಮೆ, ರೆಕ್ಕೆ ಎತ್ತಬೇಕಾದರೆ ನೆಲದ ಮೇಲೆ ಹೆಚ್ಚು ವೇಗ ಬೇಕು, ರನ್‌ವೇ ಹೆಚ್ಚು ಬೇಕು. 14,000 ಕಿ.ಮೀ.ಗೆ ಇಂಧನ ತುಂಬಿಕೊಂಡ ವಿಮಾನದ ತೂಕದಲ್ಲಿ ಸುಮಾರು ಶೇಕಡಾ 40 ಇಂಧನದ್ದೇ ಆಗಿರುವಾಗ ಏಪ್ರಿಲ್‌ನ ಮಧ್ಯಾಹ್ನ ಹೊರಡುವುದಾದರೆ ಒಮ್ಮೊಮ್ಮೆ ಸರಕನ್ನೋ ಕೆಲವು ಸೀಟುಗಳನ್ನೋ ಬಿಡಬೇಕಾಗುತ್ತದೆ. ಎರಡೂ ರನ್‌ವೇ ತಲಾ 4 ಕಿ.ಮೀ. ಉದ್ದ ಇರುವುದರಿಂದ ಮಧ್ಯಾಹ್ನ ಹೊರಡುವುದು ಆಗದ ಮಾತೇನಲ್ಲ. ರಾತ್ರಿಯ ತಂಪಿನಲ್ಲಿ ಸಲೀಸು, ಅಷ್ಟೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಜಾವದ ಮಂಜು ಇದಕ್ಕೆ ಎದುರು ಕೆಲಸ ಮಾಡುತ್ತದೆ; ದೇವನಹಳ್ಳಿಯ ಬಯಲಿನಲ್ಲಿ 5ರಿಂದ 8ರವರೆಗೆ ಕಣ್ಣು ಕಾಣದಷ್ಟು ಮುಸುಕಿದ ದಿನ ಹೊರಡುವುದೂ ತಡ, ಇಳಿಯಬೇಕಾದ ವಿಮಾನಗಳು ಚೆನ್ನೈ, ಹೈದರಾಬಾದ್ ಕಡೆ ಹೋಗುವುದೂ ಉಂಟು.

ಮಧ್ಯಾಹ್ನ 2ಕ್ಕೆ ವಿಮಾನ. ಜಯನಗರದಿಂದ ಎಷ್ಟು ಗಂಟೆಗೆ ಹೊರಡಬೇಕು?

ಹಿಂದಿನಿಂದ ಎಣಿಸಿ. ಅಂತರರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಕೆಲವು ಕಂಪನಿಗಳದ್ದು 75 ನಿಮಿಷ. ಮೂರು ಗಂಟೆ ಮುಂಚೆ, ಅಂದರೆ 11ಕ್ಕೆ ಟರ್ಮಿನಲ್ ಬಾಗಿಲಲ್ಲಿರಬೇಕು. ಅದೂ ಎರಡನೇ ಟರ್ಮಿನಲ್. 2023ರ ಸೆಪ್ಟೆಂಬರ್ 12ರಿಂದ ಹೊರದೇಶದ ವಿಮಾನಗಳೆಲ್ಲ ಅಲ್ಲಿಂದಲೇ. ಜಯನಗರದಿಂದ ದಾರಿ ಸುಮಾರು 40 ಕಿ.ಮೀ. ಬೆಳಿಗ್ಗೆ 8ರಿಂದ 11ರವರೆಗೆ ಮೇಖ್ರಿ ಸರ್ಕಲ್, ಹೆಬ್ಬಾಳದಲ್ಲಿ ಗಾಡಿಗಳು ತೆವಳುತ್ತವೆ, ಎರಡೂವರೆ ಗಂಟೆ ಕೊಡಿ. 8.30ಕ್ಕೆ ಮನೆ ಬಿಡಿ. ಮಳೆಗಾಲದಲ್ಲಿ 8. ವಾಯುವಜ್ರ ಬಸ್ ಹತ್ತುವವರು ಬಸ್ ಬರುವವರೆಗೆ ಕಾಯುವ ಅರ್ಧ ಗಂಟೆಯನ್ನೂ ಸೇರಿಸಿಕೊಳ್ಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಥೈರಾಯ್ಡ್‌ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಹದಿಮೂರು ಗಂಟೆ ಹಿಂದೆ ಹೋದರೆ ಯಾವ ಸಮಯಕ್ಕೆ ತೆಗೆದುಕೊಳ್ಳಬೇಕು? (ನಾಗರಬಾವಿ)

ಇನ್ಸುಲಿನ್ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಅವರ ಬಳಿ ಹೋಗುವಾಗ ವಿಮಾನದ ಸಮಯಗಳನ್ನೂ ಊಟ ಕೊಡುವ ಅಂದಾಜು ಹೊತ್ತನ್ನೂ ಬೆಂಗಳೂರಿನ ಸಮಯದಲ್ಲಿ ಬರೆದ ಒಂದು ಚೀಟಿ ಒಯ್ಯಿರಿ, ಅವರಿಗೆ ಹೇಳಲು ಸುಲಭವಾಗುತ್ತದೆ. ಸಾಗಿಸುವ ಬಗೆ ಮಾತ್ರ ನಾವು ಹೇಳಬಹುದು: ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿ ಹಾಕಿದರೆ ಸರಕಿನ ಅಂಕಣದ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಡವಾಗಿ ಬಂದರೂ ಕಷ್ಟ. ವೈದ್ಯರ ಚೀಟಿಯ ಪ್ರತಿ ಜೊತೆಗಿರಲಿ, ಔಷಧ ಮೂಲ ಡಬ್ಬಿಯಲ್ಲೇ ಇರಲಿ. ಪ್ರಯಾಣದುದ್ದಕ್ಕೂ ಕೈಗಡಿಯಾರ ಬೆಂಗಳೂರಿನ ಸಮಯದಲ್ಲೇ ಇದ್ದರೆ ಹಿಂದಿನ ಡೋಸ್ ಆಗಿ ಎಷ್ಟು ಗಂಟೆಯಾಯಿತು ಎನ್ನುವುದು ತಪ್ಪುವುದಿಲ್ಲ. ಫೋನ್ ಮಾತ್ರ ಇಳಿದ ತಕ್ಷಣ ತಾನೇ ಆ ಊರಿನ ಸಮಯಕ್ಕೆ ತಿರುಗಿ ಅಲಾರಂ ಎಲ್ಲ ಏರುಪೇರು ಮಾಡುತ್ತದೆ.

ಧ್ರುವದ ಹತ್ತಿರ ಹೊರಗೆ ಮೈನಸ್ 70 ಡಿಗ್ರಿ ಅಂತೆ. ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟುವುದಿಲ್ಲವೇ? (ಹತ್ತನೇ ತರಗತಿ ವಿದ್ಯಾರ್ಥಿ, ಪೀಣ್ಯ)

ಒಳ್ಳೆಯ ಪ್ರಶ್ನೆ. ಭಾರತದಲ್ಲಿ ತುಂಬುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಮೇಣದಂತಾಗಲು ಶುರುವಾಗುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ಜೆಟ್ ಎ ಮೈನಸ್ 40ರಲ್ಲೇ. ಅಂದರೆ ಹೋಗುವಾಗಿನದಕ್ಕಿಂತ ಅಲ್ಲಿಂದ ತುಂಬಿಕೊಂಡು ಬರುವಾಗ ಪೈಲಟ್‌ಗೆ ಚಿಂತೆ ಹೆಚ್ಚು. ಆದರೆ ಆ ವೇಗದಲ್ಲಿ ಗಾಳಿ ರೆಕ್ಕೆಯ ಮೇಲೆ ಒತ್ತಿ ಬಿಸಿಯಾಗುವುದರಿಂದ ರೆಕ್ಕೆಗೆ ತಾಗುವ ಚಳಿ ಹೊರಗಿನದಕ್ಕಿಂತ 25–30 ಡಿಗ್ರಿ ಕಡಿಮೆ. ಟ್ಯಾಂಕಿನ ತುಂಬ ಇಂಧನ ಇದ್ದಾಗ ಅದು ತಣಿಯಲು ಗಂಟೆಗಟ್ಟಲೆ ಬೇಕು, ಆದ್ದರಿಂದ ಗಮನ ಇಡಬೇಕಾದ್ದು ಟ್ಯಾಂಕ್ ಖಾಲಿಯಾಗುತ್ತ ಬಂದ ಕೊನೆಯ ಭಾಗದಲ್ಲಿ. ಕಾಕ್‌ಪಿಟ್‌ನಲ್ಲಿ ಇಂಧನದ ಉಷ್ಣತೆ ತೋರಿಸುವ ಮಾಪಕ ಇರುತ್ತದೆ. ಆ ಉಷ್ಣತೆ ಹೆಪ್ಪುಗಟ್ಟುವ ಬಿಂದುವಿಗಿಂತ 3 ಡಿಗ್ರಿ ಮೇಲಿನ ಮಟ್ಟಕ್ಕೆ ಇಳಿಯುವ ಮೊದಲೇ ಪೈಲಟ್ ವೇಗ ಸ್ವಲ್ಪ ಹೆಚ್ಚಿಸುತ್ತಾರೆ, ಇಲ್ಲವೇ ಗಾಳಿ ಅಷ್ಟು ತಣ್ಣಗಿಲ್ಲದ ಕೆಳಗಿನ ಮಟ್ಟಕ್ಕೆ ಇಳಿಯುತ್ತಾರೆ. ಎರಡರಲ್ಲೂ ಇಂಧನ ಒಂದಿಷ್ಟು ಹೆಚ್ಚು ಸುಡುತ್ತದೆ, ಅದನ್ನೂ ಲೆಕ್ಕ ಹಾಕಿಯೇ ಹೊರಡುವ ಊರಿನಲ್ಲಿ ತುಂಬಿರುತ್ತಾರೆ.